ಸೈಗಾನಿನ ಕೊನೆಯ ಹೆಲಿಕಾಪ್ಟರ್: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿಯವರಿಗೆ ಹೆಲಿಕಾಪ್ಟರಿನ ಸದ್ದು ಹೊಸದಲ್ಲ. ಸಾಂಬ್ರಾದಲ್ಲಿ ವಾಯುಪಡೆಯ ತರಬೇತಿ ಶಾಲೆ, ಕ್ಯಾಂಪಿನಲ್ಲಿ ಮರಾಠಾ ಲಘು ಪದಾತಿ ದಳದ ಕೇಂದ್ರ ಇರುವ ಊರಿದು. 2019ರ ಆಗಸ್ಟ್ ತಿಂಗಳ ಮಹಾಪೂರದಲ್ಲಿ ನಡುಗಡ್ಡೆಯಾದ ಹಳ್ಳಿಗಳ ಮೇಲೆ ಸೇನೆಯ ಹೆಲಿಕಾಪ್ಟರ್ ಸುತ್ತುವುದನ್ನು ಕಂಡ ಕುಟುಂಬಗಳ ಮಕ್ಕಳು ಈಗ ಕಾಲೇಜಿಗೆ ಬರುತ್ತಿದ್ದಾರೆ. ಹೀಗಾಗಿ ವಿಯೆಟ್ನಾಂ ಯುದ್ಧದ ಪಾಠದಲ್ಲಿ ಸೈಗಾನ್ ನಗರ ಬಿದ್ದ ಪ್ರಸಂಗ ಬಂದೊಡನೆ ತರಗತಿ ಎಚ್ಚರಗೊಳ್ಳುತ್ತದೆ. ವರ್ಷವರ್ಷವೂ ಕೇಳಿಬರುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ ಆಗಿರುವುದರಿಂದ, ನಲವತ್ತು ನಿಮಿಷದ ಪಾಠದಲ್ಲಿ ಹೇಳಿ ಮುಗಿಸಲಾಗದ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಪ್ರಶ್ನೆ: ಈ ಕಾರ್ಯಾಚರಣೆ ಯಾವುದು? ಯಾವಾಗ ನಡೆಯಿತು?

ಇದರ ಹೆಸರು ಆಪರೇಷನ್ ಫ್ರೀಕ್ವೆಂಟ್ ವಿಂಡ್. ದಕ್ಷಿಣ ವಿಯೆಟ್ನಾಮಿನ ರಾಜಧಾನಿಯಾಗಿದ್ದ ಸೈಗಾನ್ ನಗರವನ್ನು ಉತ್ತರ ವಿಯೆಟ್ನಾಮಿನ ಸೇನೆ ಎಲ್ಲ ಕಡೆಯಿಂದ ಸುತ್ತುವರಿದಾಗ, 1975ರ ಏಪ್ರಿಲ್ 29ರ ಮಧ್ಯಾಹ್ನದಿಂದ ಮರುದಿನ ಮುಂಜಾನೆಯವರೆಗೆ ಅಮೆರಿಕದ ಸೇನೆ ತನ್ನ ನಾಗರಿಕರನ್ನೂ ತನ್ನನ್ನು ನಂಬಿದ್ದ ಸಾವಿರಾರು ವಿಯೆಟ್ನಾಮಿಗರನ್ನೂ ಹೆಲಿಕಾಪ್ಟರ್‌ಗಳಲ್ಲಿ ಎತ್ತಿ ಸಮುದ್ರದಲ್ಲಿ ಕಾದಿದ್ದ ಹಡಗುಗಳಿಗೆ ಸಾಗಿಸಿತು. ಲೆಕ್ಕ ಹಿಡಿದರೆ ಹದಿನೇಳು ತಾಸಿನ ಕೆಲಸ.

ಪ್ರಶ್ನೆ: ಸೈಗಾನಿಗೆ ಕೋಟೆ ಇರಲಿಲ್ಲವಲ್ಲ, ಅದನ್ನು ಮುತ್ತಿಗೆ ಎನ್ನಬಹುದೇ?

ವಿಜಯಪುರದ ಕಡೆಯಿಂದ ಬಂದ ವಿದ್ಯಾರ್ಥಿಗಳು ಈ ಪ್ರಶ್ನೆಯನ್ನು ತಪ್ಪದೆ ಕೇಳುತ್ತಾರೆ. ಔರಂಗಜೇಬನ ಸೇನೆ ವರ್ಷಕ್ಕೂ ಮೀರಿ ಸುತ್ತುಗಟ್ಟಿ ಕೂತು 1686ರಲ್ಲಿ ಆದಿಲಶಾಹಿಯನ್ನು ಮುಗಿಸಿದ ಊರಿನವರಿಗೆ ಮುತ್ತಿಗೆಯೆಂದರೆ ಗೋಡೆ, ಬುರುಜು, ಕಂದಕ, ಒಳಗೆ ಕಾಳಿಲ್ಲದ ಹಗೇವು. ಇಪ್ಪತ್ತನೆಯ ಶತಮಾನದಲ್ಲಿ ಗೋಡೆಯ ಕೆಲಸವನ್ನು ದಾರಿಗಳು ಮಾಡುತ್ತವೆ. ನಗರದಿಂದ ಹೊರಡುವ ಹೆದ್ದಾರಿಗಳು ಕಡಿದುಹೋಗಿ, ವಿಮಾನ ನಿಲ್ದಾಣ ಶತ್ರುವಿನ ತೋಪು ಮತ್ತು ರಾಕೆಟ್‌ಗಳ ಅಳವಿಗೆ ಬಂದು, ಬಂದರಿನ ದಾರಿಯೂ ಅಪಾಯಕ್ಕೆ ಸಿಲುಕಿದರೆ ಆ ನಗರ ಮುತ್ತಿಗೆಯಲ್ಲಿದೆ ಎಂದೇ ಅರ್ಥ. 1975ರ ಏಪ್ರಿಲ್ ಕೊನೆಯ ವಾರದಲ್ಲಿ ಸೈಗಾನಿನ ಸ್ಥಿತಿ ಇದೇ ಆಗಿತ್ತು. ವಿಜಯಪುರಕ್ಕಿದ್ದ ತಿಂಗಳುಗಳ ಅವಕಾಶ ಸೈಗಾನಿಗೆ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಪ್ರಶ್ನೆ: ಅಷ್ಟು ದೊಡ್ಡ ಸೇನೆಯಿದ್ದ ದೇಶ ಅಷ್ಟು ಬೇಗ ಹೇಗೆ ಕುಸಿಯಿತು?

1973ರ ಜನವರಿ 27ರ ಪ್ಯಾರಿಸ್ ಒಪ್ಪಂದದ ನಂತರ ಅಮೆರಿಕದ ಸೈನಿಕರು ಹೊರಟುಹೋಗಿದ್ದರು. ಯುದ್ಧ ಮಾತ್ರ ನಿಂತಿರಲಿಲ್ಲ. 1975ರ ಮಾರ್ಚ್ 10ರಂದು ಉತ್ತರದ ಸೇನೆ ಮಧ್ಯದ ಬೆಟ್ಟಸೀಮೆಯ ಬಾನ್ ಮೆ ತುವೊತ್ ಪಟ್ಟಣದ ಮೇಲೆ ಬಿದ್ದಿತು. ಅಧ್ಯಕ್ಷ ನ್ಗುಯೆನ್ ವಾನ್ ಥಿಯು ಆ ಸೀಮೆಯಿಂದ ಸೇನೆಯನ್ನು ಹಿಂದಕ್ಕೆ ಕರೆಸಲು ಅವಸರದಲ್ಲಿ ಆಜ್ಞೆ ಹೊರಡಿಸಿದರು. ಸಿದ್ಧತೆಯಿಲ್ಲದ ಆ ಹಿಂತೆಗೆತ ನೋಡನೋಡುತ್ತಲೇ ಪಲಾಯನವಾಯಿತು. ಸೈನಿಕರ ಜೊತೆಗೆ ಅವರ ಹೆಂಡಿರು ಮಕ್ಕಳೂ, ಊರಿಗೆ ಊರೇ ಗಂಟುಮೂಟೆ ಕಟ್ಟಿಕೊಂಡು ಅದೇ ದಾರಿಗೆ ಇಳಿದದ್ದರಿಂದ ಕಾದಾಡುವ ಸೇನೆಯೆಂಬುದು ಅಲ್ಲಿ ಉಳಿಯಲಿಲ್ಲ. ಮಾರ್ಚ್ ಮುಗಿಯುವುದರೊಳಗೆ ಹುಯೆ ನಗರ ಹೋಯಿತು, 29ರಂದು ದಾ ನಾಂಗ್ ನಗರ ಹೋಯಿತು. ಸೈಗಾನಿನ ಪೂರ್ವಕ್ಕಿರುವ ಶುವಾನ್ ಲೋಕ್ ಎಂಬಲ್ಲಿ ದಕ್ಷಿಣದ ಒಂದು ಡಿವಿಷನ್ ಏಪ್ರಿಲ್ 9ರಿಂದ ಸುಮಾರು ಹನ್ನೆರಡು ದಿನ ದಿಟ್ಟವಾಗಿ ಕಾದಿತು ಎಂಬುದನ್ನು ನಮ್ಮ ಪಠ್ಯಗಳು ಮರೆಯುತ್ತವೆ. ಅದು ಕೈಬಿಟ್ಟ ಹೊತ್ತಿನಲ್ಲೇ, ಏಪ್ರಿಲ್ 21ರಂದು, ಥಿಯು ರಾಜೀನಾಮೆ ಕೊಟ್ಟರು. ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಕೇಳಿದ್ದ 72.2 ಕೋಟಿ ಡಾಲರ್ ಸೇನಾ ನೆರವಿಗೆ ಅಮೆರಿಕದ ಸಂಸತ್ತು ಒಪ್ಪಿರಲಿಲ್ಲ.

ಪ್ರಶ್ನೆ: ವಿಮಾನಗಳಿದ್ದವಲ್ಲ, ಹೆಲಿಕಾಪ್ಟರ್ ಯಾಕೆ ಬೇಕಾಯಿತು?

ಇಡೀ ವಿಷಯದ ತಿರುಳು ಈ ಪ್ರಶ್ನೆಯಲ್ಲಿದೆ, ಆದ್ದರಿಂದ ಸ್ವಲ್ಪ ನಿಧಾನವಾಗಿ ಓದಬೇಕು. ಹೆಲಿಕಾಪ್ಟರ್ ಯಾರೂ ಮೊದಲು ಆರಿಸಿಕೊಳ್ಳುವ ಸಾಧನವಲ್ಲ. ಅದು ಕಡಿಮೆ ಜನರನ್ನು ಹೊರುತ್ತದೆ, ಹೆಚ್ಚು ಇಂಧನ ಕುಡಿಯುತ್ತದೆ, ನಿಧಾನವಾಗಿ ಹಾರುತ್ತದೆ, ತಗ್ಗಿನಲ್ಲಿ ಹಾರುವಾಗ ಬಂದೂಕಿನ ಗುಂಡಿಗೂ ಸಿಗುತ್ತದೆ. ಅದಕ್ಕಿರುವ ಒಂದೇ ಹೆಚ್ಚುಗಾರಿಕೆಯೆಂದರೆ ಓಡುದಾರಿ ಬೇಡ ಎನ್ನುವುದು. ಹಾಗಾಗಿ ಓಡುದಾರಿ, ರಸ್ತೆ, ನದಿ ಮೂರೂ ಕೈತಪ್ಪಿದ ಮೇಲಷ್ಟೇ ಅದರ ಸರದಿ.

ಸೈಗಾನಿನ ಯೋಜನೆಯಲ್ಲಿಯೂ ಹಾಗೆಯೇ ಇತ್ತು. ಸಾಧಾರಣ ಪ್ರಯಾಣಿಕ ವಿಮಾನ, ಸೇನೆಯ ಸರಕು ವಿಮಾನ, ಸಮುದ್ರದ ದಾರಿ, ಇವೆಲ್ಲ ಆದ ಮೇಲೆ ನಾಲ್ಕನೆಯ ಆಯ್ಕೆಯಾಗಿ ಹೆಲಿಕಾಪ್ಟರನ್ನು ಬರೆದಿಟ್ಟಿದ್ದರು. ಏಪ್ರಿಲ್ ತಿಂಗಳಿಡೀ ತಾನ್ ಸನ್ ನ್ಯುತ್ ವಿಮಾನ ನಿಲ್ದಾಣದಿಂದ ವಿಮಾನಗಳು ಹತ್ತಾರು ಸಾವಿರ ಜನರನ್ನು ಹೊರಗೆ ಸಾಗಿಸಿದ್ದವು. ಏಪ್ರಿಲ್ 28ರ ಸಂಜೆ ಉತ್ತರದವರ ಕೈಸೇರಿದ್ದ ಜೆಟ್ ವಿಮಾನಗಳು ಆ ನಿಲ್ದಾಣದ ಮೇಲೆ ಬಾಂಬು ಹಾಕಿದವು. 29ರ ಬೆಳಗಿನ ಜಾವ ನಾಲ್ಕರ ಸುಮಾರಿಗೆ ರಾಕೆಟ್‌ಗಳು ಬಿದ್ದವು. ಕಾವಲಿನಲ್ಲಿದ್ದ ಇಬ್ಬರು ಅಮೆರಿಕನ್ ಮರೀನ್ ಸೈನಿಕರು ಸತ್ತರು. ಬಿಟ್ಟುಹೋದ ಬಾಂಬು, ಇಂಧನದ ಟ್ಯಾಂಕು, ವಿಮಾನದ ಅವಶೇಷಗಳು ಓಡುದಾರಿಯ ಮೇಲೆ ಚೆಲ್ಲಾಡಿ, ಸರಕು ವಿಮಾನ ಇಳಿಯುವ ಮಾತೇ ಮುಗಿದುಹೋಯಿತು. ಮುಂಜಾನೆ ಸುಮಾರು 10 ಗಂಟೆ 51 ನಿಮಿಷಕ್ಕೆ ನಾಲ್ಕನೆಯ ಆಯ್ಕೆಗೆ ಆದೇಶವಾಯಿತು. ಮೊದಲ ಸೇನಾ ಹೆಲಿಕಾಪ್ಟರ್‌ಗಳು ನೆಲ ಮುಟ್ಟಿದ್ದು ಮಾತ್ರ ಮಧ್ಯಾಹ್ನ ಮೂರು ಗಂಟೆ ದಾಟಿದ ಮೇಲೆ. ಆ ನಾಲ್ಕು ತಾಸುಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಲೆಕ್ಕಕ್ಕೆ ಬೇಕಾಗುತ್ತವೆ.

ಪ್ರಶ್ನೆ: ರಾಯಭಾರ ಕಚೇರಿಯ ಹುಣಸೆಮರದ ಕತೆ ನಿಜವೇ?

ನಿಜ. ನಮ್ಮ ಕಡೆ ಹುಣಸಿ ಗಿಡ ಎನ್ನುತ್ತೇವಲ್ಲ, ಅಂಥದೊಂದು ದೊಡ್ಡ ಮರ ಸೈಗಾನಿನ ಅಮೆರಿಕನ್ ರಾಯಭಾರ ಕಚೇರಿಯ ವಾಹನ ನಿಲ್ಲಿಸುವ ಅಂಗಳದಲ್ಲಿ ಬೆಳೆದು ನಿಂತಿತ್ತು. ಅದನ್ನು ಕಡಿಯದೆ ದೊಡ್ಡ ಹೆಲಿಕಾಪ್ಟರ್ ಅಲ್ಲಿ ಇಳಿಯುವಂತಿರಲಿಲ್ಲ. ಕಾವಲಿನವರೂ ಅಧಿಕಾರಿಗಳೂ ಅದನ್ನು ಕಡಿಯಲು ಅನುಮತಿ ಬೇಡಿದರು. ರಾಯಭಾರಿ ಗ್ರಹಾಂ ಮಾರ್ಟಿನ್ ಒಪ್ಪಲಿಲ್ಲ. ಮರ ಬಿದ್ದುದನ್ನು ಕಂಡರೆ ಅಮೆರಿಕನ್ನರು ಹೊರಟರೆಂದು ಊರಿಗೆಲ್ಲ ಗೊತ್ತಾಗಿ, ದಿಗಿಲಿನಿಂದಲೇ ನಗರ ಕುಸಿದುಬೀಳುತ್ತದೆ ಎಂಬುದು ಅವರ ವಾದ. 29ರಂದು, ಬೇರೆ ದಾರಿಯೇ ಇಲ್ಲವೆಂದು ಖಚಿತವಾದ ಮೇಲೆ, ಮರ ಉರುಳಿತು.

ಮಾರ್ಟಿನ್ ಅವರನ್ನು ಮೂರ್ಖರೆಂದು ತಳ್ಳಿಹಾಕುವುದು ಸುಲಭ, ಆದರೆ ಅವರ ಭಯಕ್ಕೆ ಆಧಾರವಿತ್ತು. ದಾ ನಾಂಗ್‌ನಲ್ಲಿ ಕೊನೆಯ ವಿಮಾನಕ್ಕೆ ಮುಗಿಬಿದ್ದವರಲ್ಲಿ ಹೆಚ್ಚಿನವರು ಬಂದೂಕು ಹಿಡಿದ ಸೈನಿಕರೇ ಆಗಿದ್ದರು. ಅದೇ ಸ್ಥಿತಿ ಸೈಗಾನಿನಲ್ಲಿ ಆಗಿದ್ದರೆ ಯಾರೂ ಹೊರಬರುತ್ತಿರಲಿಲ್ಲ. ಹಾಗಿದ್ದರೂ ನನ್ನ ಅಭಿಪ್ರಾಯದಲ್ಲಿ ಅವರ ಲೆಕ್ಕ ಒಂದು ಕಡೆ ತಪ್ಪಿತು: ಗುಟ್ಟಾಗಿ ಮಾಡಬಹುದಾಗಿದ್ದ ಸಿದ್ಧತೆಯನ್ನೂ, ಅಂದರೆ ಪಟ್ಟಿ ತಯಾರಿಸುವುದು, ಜನರನ್ನು ಸಣ್ಣ ಗುಂಪುಗಳಾಗಿ ಮುಂಚೆಯೇ ಕಳಿಸುವುದು, ಅಂಗಳ ಅಣಿಮಾಡಿಡುವುದು, ಇವನ್ನೂ ದಿಗಿಲಿನ ಹೆಸರಿನಲ್ಲಿ ಮುಂದೂಡಿದರು. ಹೊಳೆಗೆ ನೀರು ಬಿಡುವ ಸುದ್ದಿ ಬಂದಾಗ ಮನೆ ಬಿಡಲೊಲ್ಲದ ಹಿರಿಯರನ್ನು ಕಂಡ ನಮ್ಮ ಕಡೆಯವರಿಗೆ ಈ ಮನಸ್ಸು ಅಪರಿಚಿತವಲ್ಲ. ಅಲ್ಲಿ ಮಾತ್ರ ಒಬ್ಬರ ತಡೆಗೆ ಸಾವಿರಾರು ಜನರ ಪಾಡು ಕಟ್ಟುಬಿದ್ದಿತ್ತು.

ಪ್ರಶ್ನೆ: ಯಾವ ಹೆಲಿಕಾಪ್ಟರ್‌ಗಳನ್ನು ಬಳಸಿದರು? ಒಂದರಲ್ಲಿ ಎಷ್ಟು ಜನ ಹಿಡಿಯುತ್ತಿದ್ದರು?

ಮುಖ್ಯವಾಗಿ ಮೂರು ಬಗೆ. ಸಿಎಚ್-53 ಎಂಬ ಭಾರಿ ಯಂತ್ರ, ಸಿಎಚ್-46 ಎಂಬ ಎರಡು ರೆಕ್ಕೆಚಕ್ರಗಳ ಮಧ್ಯಮ ಯಂತ್ರ, ಹ್ಯೂಯಿ ಎಂದು ಹೆಸರಾದ ಚಿಕ್ಕ ಯುಎಚ್-1. ಮೊದಲಿನ ಎರಡು ಮರೀನ್ ದಳದವು. ವಾಯುಪಡೆಯ ಹತ್ತು ದೊಡ್ಡ ಹೆಲಿಕಾಪ್ಟರ್‌ಗಳೂ ಮಿಡ್‌ವೇ ಎಂಬ ವಿಮಾನವಾಹಕ ನೌಕೆಯಿಂದ ಹಾರಿದವು. ಹ್ಯೂಯಿಗಳಲ್ಲಿ ಹಲವು ಏರ್ ಅಮೆರಿಕ ಎಂಬ ಸಂಸ್ಥೆಯವು. ಅಮೆರಿಕದ ಗುಪ್ತಚರ ಸಂಸ್ಥೆ ತೆರೆಮರೆಯಲ್ಲಿ ನಡೆಸುತ್ತಿದ್ದ ವಿಮಾನ ಕಂಪನಿಯದು. ಅವು ನಗರದೊಳಗಿನ ಮನೆಗಳ ಮಾಳಿಗೆಯಿಂದ ಮಾಳಿಗೆಗೆ ಹಾರಿ ಜನರನ್ನು ಆಯ್ದು ತರುತ್ತಿದ್ದವು.

ಸಿಎಚ್-53ರಲ್ಲಿ ಆಯುಧ ಹೊತ್ತ ಸೈನಿಕರಾದರೆ ಮೂವತ್ತೇಳು ಮೂವತ್ತೆಂಟು ಜನಕ್ಕೆ ಆಸನ. ಅಂದು ಐವತ್ತಕ್ಕೂ ಹೆಚ್ಚು ಜನರನ್ನು ತುಂಬಿದರು, ಏಕೆಂದರೆ ಮಕ್ಕಳು ಹೆಚ್ಚು, ಸಾಮಾನು ಕಡಿಮೆ. ಇಲ್ಲಿ ಒಂದು ಸೂಕ್ಷ್ಮವಿದೆ. ಬಿಸಿಲಿನ ಕಾವಿನಲ್ಲಿ ಗಾಳಿ ತೆಳುವಾಗುವುದರಿಂದ ಹೆಲಿಕಾಪ್ಟರಿನ ಎತ್ತುವ ಶಕ್ತಿ ಕುಗ್ಗುತ್ತದೆ. ಏಪ್ರಿಲ್ ಸೈಗಾನಿನಲ್ಲಿ ವರ್ಷದ ಅತಿ ಬಿಸಿಯ ತಿಂಗಳು. ಸುತ್ತ ಗೋಡೆ ಮತ್ತು ಕಟ್ಟಡಗಳಿರುವ ಅಂಗಳದಿಂದ ಹೊರಬೀಳಬೇಕಾದರೆ ಯಂತ್ರ ಬಾವಿಯೊಳಗಿಂದ ಬಿಂದಿಗೆ ಸೇದಿದಂತೆ ನೆಟ್ಟಗೆ ಮೇಲೇರಬೇಕು, ಅದಕ್ಕೆ ಓಡಿಕೊಂಡು ಏರುವುದಕ್ಕಿಂತ ಹೆಚ್ಚು ಕಸುವು ಬೇಕು. ಹಾಗಾಗಿ ಇನ್ನಿಬ್ಬರನ್ನು ಹತ್ತಿಸೋಣ ಎಂಬ ಒಂದೊಂದು ನಿರ್ಧಾರವೂ ಒಳಗಿರುವ ಎಲ್ಲರ ಜೀವದ ಮೇಲಿನ ಪಣವಾಗಿತ್ತು.

ಇಳಿಯುವ ಜಾಗಗಳು ಎರಡು. ವಿಮಾನ ನಿಲ್ದಾಣದ ಪಕ್ಕದಲ್ಲಿದ್ದ ಅಮೆರಿಕದ ರಕ್ಷಣಾ ಕಚೇರಿಯ ವಿಶಾಲ ಆವರಣ ಮುಖ್ಯವಾದದ್ದು. ಬಸ್ಸುಗಳು ಗೊತ್ತಾದ ಬೀದಿಗಳಲ್ಲಿ ಸುತ್ತಿ ಜನರನ್ನು ಅಲ್ಲಿಗೆ ತಂದು ಬಿಡಬೇಕೆಂದು ಯೋಜನೆ. ಎರಡನೆಯದು ನಗರ ಮಧ್ಯದ ರಾಯಭಾರ ಕಚೇರಿ. ಅಲ್ಲಿ ಮಾಳಿಗೆಯ ಮೇಲೆ ಸಿಎಚ್-46 ಮತ್ತು ಅದಕ್ಕಿಂತ ಚಿಕ್ಕವು ಇಳಿಯಬಹುದಿತ್ತು, ಹುಣಸೆಮರ ಹೋದ ಮೇಲೆ ಅಂಗಳದಲ್ಲಿ ಸಿಎಚ್-53. ಈ ಕಚೇರಿಯಿಂದ ಎತ್ತಬೇಕಾದವರು ಸುಮಾರು ನೂರು ಜನ ಎಂಬ ಅಂದಾಜಿನ ಮೇಲೆ ಇಡೀ ಯೋಜನೆ ನಿಂತಿತ್ತು. ಬೀದಿಗಳು ಜನರಿಂದ ಕಟ್ಟಿಹೋಗಿ ಬಸ್ಸುಗಳು ಸಿಕ್ಕಿಕೊಂಡಾಗ ಜನರೆಲ್ಲ ಕಚೇರಿಯ ಗೇಟಿಗೇ ಬಂದರು, ಮತ್ತು ಗೋಡೆಯ ಒಳಗೇ ಎರಡು ಸಾವಿರಕ್ಕೂ ಹೆಚ್ಚು ಜನ ಸೇರಿದರು. ಕತ್ತಲಾದ ಮೇಲೆ ಕಾರುಗಳ ಹೆಡ್‌ಲೈಟ್ ಹಚ್ಚಿಟ್ಟು ಅಂಗಳ ಬೆಳಗಿಸಿ ಯಂತ್ರಗಳನ್ನು ಇಳಿಸಿಕೊಂಡರು.

ಪ್ರಶ್ನೆ: ಹೊರಡಬೇಕೆಂದು ಜನರಿಗೆ ಹೇಗೆ ತಿಳಿಸಿದರು?

ಸೇನೆಯ ರೇಡಿಯೊದಲ್ಲಿ ಸೈಗಾನಿನ ತಾಪಮಾನ 105 ಡಿಗ್ರಿ ಮುಟ್ಟಿ ಏರುತ್ತಿದೆ ಎಂಬ ಸಾಲು, ಅದರ ಬೆನ್ನಿಗೆ ಒಂದು ಹೆಸರಾಂತ ಕ್ರಿಸ್‌ಮಸ್ ಹಾಡು. ಫ್ಯಾರನ್‌ಹೀಟ್ ಲೆಕ್ಕದ ಮಾತದು. ಏಪ್ರಿಲ್ ಬಿಸಿಲಿನಲ್ಲಿ ಕ್ರಿಸ್‌ಮಸ್ ಹಾಡು ಕೇಳಿಬಂದರೆ ಯಾರಿಗೂ ತಪ್ಪು ತಿಳಿಯಲಾರದು ಎಂಬ ಎಣಿಕೆ. ವಿದ್ಯಾರ್ಥಿಗಳು ಇದನ್ನು ಮೆಚ್ಚಿ ನಗುತ್ತಾರೆ. ಆದರೆ ಸಂಕೇತದ ಗುಟ್ಟು ಅಷ್ಟು ಹೊತ್ತಿಗೆ ಊರಿನಲ್ಲಿ ಬಹಳ ಜನರಿಗೆ ಗೊತ್ತಾಗಿತ್ತು.

ಪ್ರಶ್ನೆ: ಏಣಿಯ ಮೇಲೆ ಸಾಲುಗಟ್ಟಿ ಹತ್ತುತ್ತಿರುವ ಆ ಪ್ರಸಿದ್ಧ ಚಿತ್ರ ರಾಯಭಾರ ಕಚೇರಿಯದೇ?

ಅಲ್ಲ. ಸ್ಪರ್ಧಾತ್ಮಕ ಪರೀಕ್ಷೆಯ ಕೈಪಿಡಿಗಳು ಕೂಡ ಈ ತಪ್ಪನ್ನು ಅಚ್ಚುಹಾಕಿಸಿವೆ. ಹ್ಯೂಬರ್ಟ್ ವಾನ್ ಎಸ್ ಎಂಬ ಡಚ್ ಛಾಯಾಗ್ರಾಹಕ ಏಪ್ರಿಲ್ 29ರಂದು ತೆಗೆದ ಆ ಚಿತ್ರದಲ್ಲಿರುವುದು ಜಿಯಾ ಲಾಂಗ್ ಬೀದಿಯ 22ನೆಯ ಸಂಖ್ಯೆಯ ವಸತಿ ಕಟ್ಟಡ. ಅಮೆರಿಕದ ನೆರವು ಸಂಸ್ಥೆ ಮತ್ತು ಗುಪ್ತಚರ ಸಂಸ್ಥೆಯ ನೌಕರರು ಅಲ್ಲಿದ್ದರು. ಹೆಲಿಕಾಪ್ಟರ್ ಏರ್ ಅಮೆರಿಕದ್ದು. ಅದು ನಿಂತಿರುವುದು ಲಿಫ್ಟಿನ ಯಂತ್ರವಿರುವ ಕೋಣೆಯ ಚಾವಣಿಯ ಮೇಲೆ. ಚಿತ್ರದ ಕೆಳಗೆ ರಾಯಭಾರ ಕಚೇರಿ ಎಂದು ತಪ್ಪಾಗಿ ಅಚ್ಚಾದದ್ದು ಇಂದಿಗೂ ಅಳಿಸಿಲ್ಲ. ಏಣಿಯ ಕೆಳಗೆ ಕಾದವರಲ್ಲಿ ಬಹುಮಂದಿಗೆ ಮತ್ತೊಂದು ಹೆಲಿಕಾಪ್ಟರ್ ಬರಲೇ ಇಲ್ಲ.

ಪ್ರಶ್ನೆ: ಒಟ್ಟು ಎಷ್ಟು ಜನರನ್ನು ಹೊರತಂದರು?

ಸೇನೆಯ ಹೆಲಿಕಾಪ್ಟರ್‌ಗಳಲ್ಲಿ 1,373 ಅಮೆರಿಕನ್ನರು, 5,595 ವಿಯೆಟ್ನಾಮಿಗರು ಮತ್ತು ಇತರ ದೇಶದವರು, ಕೂಡಿದರೆ 6,968. ಇವರಲ್ಲಿ ರಕ್ಷಣಾ ಕಚೇರಿಯ ಆವರಣದಿಂದ ಬಂದವರು 4,870, ರಾಯಭಾರ ಕಚೇರಿಯಿಂದ 2,098. ನೂರು ಜನರ ಅಂದಾಜಿಗೂ ಈ ಎರಡು ಸಾವಿರದ ಅಂಕಿಗೂ ಇರುವ ಅಂತರವನ್ನು ಪೈಲಟ್‌ಗಳು ರಾತ್ರಿಯಿಡೀ ನಿದ್ದೆಗೆಟ್ಟು ತುಂಬಿದರು. ಕೆಲವರು ಹದಿನೆಂಟು ತಾಸಿನ ಆಚೀಚೆ ಹಾರಾಟದಲ್ಲೇ ಇದ್ದರು. ವುಂಗ್ ತಾವ್ ಕರಾವಳಿಯಾಚೆ ಸಮುದ್ರದಲ್ಲಿದ್ದ ಹಡಗುಗಳಿಗೆ ಒಂದು ಸಲದ ಹಾರಾಟವೆಂದರೆ ಬೆಳಗಾವಿಯಿಂದ ನೇರ ಗೆರೆಯಲ್ಲಿ ಗೋಕಾಕವನ್ನು ದಾಟಿ ಹೋಗುವಷ್ಟು ದೂರ. ಹೋಗಿ, ಇಳಿಸಿ, ಇಂಧನ ತುಂಬಿಸಿ, ತಿರುಗಿ ಬರಬೇಕು. ಇದೇ ಲೆಕ್ಕದಿಂದ ನೋಡಿದರೆ ಮುಂಜಾನೆ ಆದೇಶಕ್ಕೂ ಮೊದಲ ಇಳಿತಕ್ಕೂ ನಡುವೆ ಹೋದ ನಾಲ್ಕು ತಾಸುಗಳ ಬೆಲೆ ತಿಳಿಯುತ್ತದೆ. ಅವು ಹಗಲಿನ ತಾಸುಗಳಾಗಿದ್ದವು.

ಪ್ರಶ್ನೆ: ಯಾರನ್ನು ಹತ್ತಿಸಬೇಕು, ಯಾರನ್ನು ಬಿಡಬೇಕು ಎಂದು ನಿರ್ಧರಿಸಿದವರು ಯಾರು?

ಕಾಗದದ ಮೇಲೆ ಪಟ್ಟಿಗಳಿದ್ದವು. ಅಮೆರಿಕನ್ನರು, ಅವರ ವಿಯೆಟ್ನಾಮಿ ಹೆಂಡತಿ ಮಕ್ಕಳು, ಕಚೇರಿಗಳಲ್ಲಿ ದುಡಿದವರು, ಉತ್ತರದವರು ಬಂದರೆ ಜೀವಕ್ಕೇ ಅಪಾಯವಿದ್ದ ಅಧಿಕಾರಿಗಳು. ಗೇಟಿನ ಹತ್ತಿರ ಪಟ್ಟಿ ನಡೆಯಲಿಲ್ಲ. ಅಲ್ಲಿ ನಡೆದದ್ದು ಗೋಡೆಯ ಮೇಲೆ ನಿಂತ ಇಪ್ಪತ್ತರ ಹರೆಯದ ಮರೀನ್ ಸೈನಿಕನ ಕಣ್ಣಂದಾಜು. ಯಾರ ಕೈಯಲ್ಲಿ ಕಾಗದವಿತ್ತೋ, ಯಾರನ್ನು ಒಳಗಿನವರು ಗುರುತಿಸಿ ಕೈ ತೋರಿಸಿದರೋ, ಅವರನ್ನು ಎಳೆದುಕೊಂಡರು. ಕಾಗದವಿದ್ದೂ ಗೇಟಿನವರೆಗೆ ತಲುಪಲಾಗದವರು ಹೊರಗುಳಿದರು. ಯಾವ ಕಾಗದವೂ ಇಲ್ಲದ ಕೆಲವರು ಗೋಡೆ ಹಾರಿ ಒಳಗಾದರು.

ಏಪ್ರಿಲ್ 30ರ ನಸುಕಿನಲ್ಲಿ ವಾಷಿಂಗ್ಟನ್ನಿನಿಂದ ಅಧ್ಯಕ್ಷರ ಆದೇಶ ಬಂತು: ಇನ್ನು ಮುಂದೆ ಅಮೆರಿಕನ್ನರು ಮಾತ್ರ, ರಾಯಭಾರಿ ಕೂಡಲೇ ಹೊರಡಬೇಕು. ರಾಯಭಾರಿ ಮಾರ್ಟಿನ್ 4 ಗಂಟೆ 58 ನಿಮಿಷಕ್ಕೆ ಮಾಳಿಗೆಯಿಂದ ಹೊರಟರು. ಆಗ ಅಂಗಳದಲ್ಲಿ ಸುಮಾರು 420 ಜನ ಸಾಲುಹಿಡಿದು, ಗಂಟುಗಳನ್ನು ಬಿಟ್ಟು, ಹೇಳಿದ ಹಾಗೆ ಕೂತಿದ್ದರು. ನಿಮ್ಮಲ್ಲಿ ಯಾರನ್ನೂ ಬಿಟ್ಟುಹೋಗುವುದಿಲ್ಲ ಎಂದು ಅಮೆರಿಕದ ಸೇನಾಧಿಕಾರಿಯೊಬ್ಬರು ಅವರ ಭಾಷೆಯಲ್ಲೇ ಮಾತು ಕೊಟ್ಟಿದ್ದರು; ಆದೇಶ ಬಂದ ಮೇಲೆ ಅದೇ ಅಧಿಕಾರಿ ಕತ್ತಲಲ್ಲಿ ನೆಪ ಹೇಳಿ ಎದ್ದು ಕಟ್ಟಡದ ಒಳಹೊಕ್ಕು ಮಾಳಿಗೆ ಹತ್ತಬೇಕಾಯಿತು. ಆ 420 ಜನರಲ್ಲಿ ದಕ್ಷಿಣ ಕೊರಿಯಾದ ರಾಯಭಾರ ಕಚೇರಿಯವರೂ ಇದ್ದರು. ಐವತ್ತು ಜನಕ್ಕೆ ಒಂದರಂತೆ ಲೆಕ್ಕ ಹಾಕಿದರೆ ಅವರಿಗೆ ಬೇಕಾಗಿದ್ದುದು ಸಿಎಚ್-53ರ ಎಂಟೊಂಬತ್ತು ಸಲದ ಹಾರಾಟ. ಮೂರು ವಾರ ಮುಂಚೆ ಕಡಿದಿದ್ದರೆ ಆ ಹುಣಸೆಮರದ ಜಾಗ ಅಷ್ಟನ್ನು ಕೊಡುತ್ತಿತ್ತೋ ಏನೋ ಎಂಬ ಯೋಚನೆ ಈ ಅಂಕಿಯ ಹತ್ತಿರ ಬಂದಾಗಲೆಲ್ಲ ನನ್ನನ್ನು ಕಾಡುತ್ತದೆ.

ಮರೀನ್‌ಗಳು ಬಾಗಿಲುಗಳಿಗೆ ಅಗಳಿ ಹಾಕುತ್ತ ಮಹಡಿ ಮಹಡಿ ಮೇಲೇರಿದರು. ಕೊನೆಯ ಹನ್ನೊಂದು ಮಂದಿ ಬೆಳಕು ಹರಿದ ಮೇಲೂ ಮಾಳಿಗೆಯಲ್ಲಿ ಕಾದು, 7 ಗಂಟೆ 53 ನಿಮಿಷಕ್ಕೆ ಸಿಎಚ್-46ರಲ್ಲಿ ಹೊರಟರು. ಅದೇ ದಿನ ನಡುಹಗಲಿನ ಹೊತ್ತಿಗೆ ಉತ್ತರದ ಟ್ಯಾಂಕುಗಳು ಅಧ್ಯಕ್ಷರ ಅರಮನೆಯ ಗೇಟು ಮುರಿದು ಒಳನುಗ್ಗಿದವು. ಎರಡು ದಿನ ಮುಂಚೆಯಷ್ಟೇ ಅಧಿಕಾರ ಹಿಡಿದಿದ್ದ ದುವಾಂಗ್ ವಾನ್ ಮಿನ್ ಶರಣಾದರು.

ಪ್ರಶ್ನೆ: ಸುತ್ತುವರಿದ ಸೇನೆ ಈ ಹೆಲಿಕಾಪ್ಟರ್‌ಗಳನ್ನು ಹೊಡೆದುರುಳಿಸಲಿಲ್ಲವೇಕೆ?

ಅಮೆರಿಕನ್ನರು ಹೋಗುತ್ತಿದ್ದಾರೆ ಎಂಬುದು ಅವರಿಗೆ ಬೇಕಾದ ಸಂಗತಿಯೇ ಆಗಿತ್ತು. ಹೋಗುವವನ ದಾರಿಗೆ ಅಡ್ಡ ನಿಂತರೆ ಅವನು ತಿರುಗಿ ನಿಲ್ಲುತ್ತಾನೆ. ಸಮುದ್ರದಲ್ಲಿ ಅಮೆರಿಕದ ವಿಮಾನವಾಹಕ ನೌಕೆಗಳು ಯುದ್ಧವಿಮಾನಗಳನ್ನು ಅಣಿಗೊಳಿಸಿಕೊಂಡೇ ಇದ್ದವು. ಅಲ್ಲಲ್ಲಿ ಗುಂಡು ಹಾರಿದ್ದುಂಟು, ಅವುಗಳಲ್ಲಿ ಕೆಲವು ಹತಾಶರಾದ ದಕ್ಷಿಣದ ಸೈನಿಕರ ಬಂದೂಕಿನವು. ನಷ್ಟವಾದದ್ದು ಸಮುದ್ರದಲ್ಲಿ: ಒಂದು ಸಿಎಚ್-46 ರಾತ್ರಿ ಹ್ಯಾಂಕಾಕ್ ನೌಕೆಯ ಬಳಿ ನೀರಿಗೆ ಬಿದ್ದು ಇಬ್ಬರು ಪೈಲಟ್‌ಗಳು ಸತ್ತರು, ಒಂದು ಕೋಬ್ರಾ ದಾಳಿ ಹೆಲಿಕಾಪ್ಟರ್ ಇಂಧನ ತೀರಿ ಕಡಲಿಗಿಳಿಯಿತು, ಅದರಲ್ಲಿದ್ದವರು ಬದುಕಿದರು.

ಪ್ರಶ್ನೆ: ಹಡಗಿನಿಂದ ಹೆಲಿಕಾಪ್ಟರ್‌ಗಳನ್ನು ಸಮುದ್ರಕ್ಕೆ ತಳ್ಳಿದ್ದು ಯಾಕೆ?

ಜಾಗ ಸಾಲದೆ. ದಕ್ಷಿಣ ವಿಯೆಟ್ನಾಮಿನ ಪೈಲಟ್‌ಗಳು ತಮ್ಮ ವಾಯುಪಡೆಯ ಹೆಲಿಕಾಪ್ಟರ್‌ಗಳಲ್ಲಿ ಹೆಂಡತಿ ಮಕ್ಕಳು ನೆಂಟರನ್ನು ತುಂಬಿಕೊಂಡು, ಕರೆಯದೆಯೇ, ಸಮುದ್ರದ ಕಡೆಗೆ ಹಾರಿ ಬಂದರು. ಒಂದು ಇಳಿದು ಜನರನ್ನು ಇಳಿಸಿದೊಡನೆ ಅದನ್ನು ಅಂಚಿಗೆ ತಳ್ಳದಿದ್ದರೆ ಆಕಾಶದಲ್ಲಿ ಸುತ್ತುತ್ತಿರುವ ಮತ್ತೊಂದಕ್ಕೆ ಎಡೆಯಿಲ್ಲ, ಅದರ ಇಂಧನ ಮುಗಿಯುತ್ತಿದೆ. ಕರ್ಕ್ ಎಂಬ ಚಿಕ್ಕ ಯುದ್ಧನೌಕೆಯ ಬಳಿ ಒಂದು ದೊಡ್ಡ ಚಿನೂಕ್ ಹೆಲಿಕಾಪ್ಟರ್ ಬಂದಾಗ ಅದು ಇಳಿದರೆ ಹಡಗಿಗೇ ಅಪಾಯವಿತ್ತು. ಪೈಲಟ್ ಅದನ್ನು ಹಿಂಭಾಗದ ಮೇಲೆ ಗಾಳಿಯಲ್ಲೇ ನಿಲ್ಲಿಸಿ, ಮಕ್ಕಳನ್ನು ಕೆಳಗಿದ್ದ ನಾವಿಕರ ಕೈಗೆ ಬೀಳಿಸಿ, ಎಲ್ಲರೂ ಇಳಿದ ಮೇಲೆ ತಾನೊಬ್ಬನೇ ಯಂತ್ರವನ್ನು ದೂರ ಒಯ್ದು ನೀರಿಗೆ ವಾಲಿಸಿ ಜಿಗಿದು ಈಜಿ ಬಂದ.

ಮಿಡ್‌ವೇ ನೌಕೆಯ ಪ್ರಸಂಗ ಇನ್ನೂ ಸೊಗಸಾದದ್ದು. ಮೇಜರ್ ಬುವಾಂಗ್ ಲಿ ಎಂಬುವರು ಹೆಂಡತಿ ಮತ್ತು ಐವರು ಮಕ್ಕಳನ್ನು ಇಬ್ಬರು ಕೂರುವ ಪುಟ್ಟ ಬರ್ಡ್ ಡಾಗ್ ವಿಮಾನದಲ್ಲಿ ತುಂಬಿಕೊಂಡು ಬಂದು, ಓಡುದಾರಿ ತೆರವು ಮಾಡಿ ಎಂದು ಚೀಟಿ ಬರೆದು ಕೆಳಗೆ ಎಸೆದರು. ಕ್ಯಾಪ್ಟನ್ ಲಾರೆನ್ಸ್ ಚೇಂಬರ್ಸ್ ದಾರಿಗಡ್ಡವಿದ್ದ ಹೆಲಿಕಾಪ್ಟರ್‌ಗಳನ್ನು ಸಮುದ್ರಕ್ಕೆ ತಳ್ಳಿಸಿದರು, ವಿಮಾನ ಇಳಿಯಿತು. ಲಕ್ಷಾಂತರ ಡಾಲರಿನ ಸೊತ್ತನ್ನು ಏಳು ಜೀವಕ್ಕಾಗಿ ನೀರುಪಾಲು ಮಾಡಿದರೆ ಮುಂದೆ ವಿಚಾರಣೆ ಎದುರಿಸಬೇಕಾದೀತು ಎಂದು ತಿಳಿದೇ ಅವರು ಹಾಗೆ ಮಾಡಿದರು. ಇಡೀ ಕಾರ್ಯಾಚರಣೆಯಲ್ಲಿ ತಡಮಾಡದೆ ತೆಗೆದುಕೊಂಡ ನಿರ್ಧಾರ ಹೇಗಿರುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ಪ್ರಶ್ನೆ: ಕಾಂಬೋಡಿಯಾದಲ್ಲೂ ಹೀಗೆಯೇ ಆಯಿತೇ?

ಹದಿನೇಳು ದಿನ ಮುಂಚೆ, ಏಪ್ರಿಲ್ 12ರಂದು, ಮುತ್ತಿಗೆಯಲ್ಲಿದ್ದ ರಾಜಧಾನಿ ನೋಮ್ ಪೆನ್ ನಗರದಿಂದ ಆಪರೇಷನ್ ಈಗಲ್ ಪುಲ್ ಹೆಸರಿನಲ್ಲಿ ಮುನ್ನೂರರ ಒಳಗಿನ ಜನರನ್ನು ಒಂದೇ ಮುಂಜಾನೆಯಲ್ಲಿ, ಗೊಂದಲವಿಲ್ಲದೆ, ಎತ್ತಿ ತಂದರು. ಅಚ್ಚುಕಟ್ಟಾಗಿ ನಡೆಯಲು ಮುಖ್ಯ ಕಾರಣ, ಬರಬೇಕಾದವರಲ್ಲಿ ಬಹಳಷ್ಟನ್ನು ಮುಂಚೆಯೇ ವಿಮಾನಗಳಲ್ಲಿ ಕಳಿಸಿ ಆಗಿತ್ತು. ಕರೆದರೂ ಬಾರದೆ ಉಳಿದ ಮಾಜಿ ಪ್ರಧಾನಿ ಸಿರಿಕ್ ಮತಕ್, ಏಪ್ರಿಲ್ 17ರಂದು ಖ್ಮೇರ್ ರೂಜ್ ಎಂಬ ಕಮ್ಯುನಿಸ್ಟ್ ಬಂಡುಕೋರರು ನಗರ ಹಿಡಿದ ಕೆಲವೇ ದಿನಗಳಲ್ಲಿ ಕೊಲೆಯಾದರು.

ಪ್ರಶ್ನೆ: 2021ರ ಕಾಬೂಲ್ ತೆರವನ್ನು ಇದಕ್ಕೆ ಹೋಲಿಸುವುದು ಸರಿಯೇ?

ಅರ್ಧ ಸರಿ. 2021ರ ಆಗಸ್ಟ್ 15ರಂದು ರಾಯಭಾರ ಕಚೇರಿಯ ಮೇಲಿಂದ ಚಿನೂಕ್ ಹಾರುವ ಚಿತ್ರ ಸೈಗಾನನ್ನು ನೆನಪಿಸಿದ್ದು ಸಹಜ. ಆದರೆ ಕಾಬೂಲಿನಲ್ಲಿ ಹೆಲಿಕಾಪ್ಟರ್ ಮಾಡಿದ್ದು ಕಚೇರಿಯಿಂದ ವಿಮಾನ ನಿಲ್ದಾಣದವರೆಗಿನ ಕೆಲಸ ಮಾತ್ರ. ಓಡುದಾರಿ ಕೊನೆಯವರೆಗೂ ಉಳಿದಿತ್ತು. ಅದರಿಂದಲೇ ಸುಮಾರು ಎರಡು ವಾರದಲ್ಲಿ ಲಕ್ಷಕ್ಕೂ ಹೆಚ್ಚು ಜನ ಹೊರಬಂದರು. ನಮ್ಮ ರಾಯಭಾರಿ ಮತ್ತು ಸಿಬ್ಬಂದಿಯನ್ನು ವಾಯುಪಡೆಯ ಸಿ-17 ವಿಮಾನ ಜಾಮನಗರಕ್ಕೆ ತಂದದ್ದೂ ಅದೇ ಓಡುದಾರಿಯಿಂದ. ಸೈಗಾನಿನಂತೆಯೇ ಇದ್ದದ್ದು ಗೇಟಿನ ಹೊರಗಿನ ನೂಕುನುಗ್ಗಲು. ಆಗಸ್ಟ್ 26ರ ಆತ್ಮಾಹುತಿ ಬಾಂಬು ಸಿಡಿದದ್ದು ಅಂಥದೇ ಒಂದು ಗೇಟಿನಲ್ಲಿ.

ಪ್ರಶ್ನೆ: ಭಾರತ ಇಂಥ ಕೆಲಸ ಮಾಡಿದೆಯೇ?

ಮುತ್ತಿಗೆಯಲ್ಲಿದ್ದ ಊರನ್ನು ಆಕಾಶದ ದಾರಿಯಿಂದ ಉಳಿಸಿಕೊಂಡ ನಮ್ಮ ದೊಡ್ಡ ಉದಾಹರಣೆ ಜಮ್ಮು ಕಾಶ್ಮೀರದ ಪೂಂಛ್. 1947ರ ಕೊನೆಯಿಂದ ಒಂದು ವರ್ಷ ಸುತ್ತುಗಟ್ಟಿದ್ದ ಆ ಊರಿನಲ್ಲಿ ಸೈನಿಕರ ಜೊತೆಗೆ ಸಾವಿರಾರು ನಿರಾಶ್ರಿತರಿದ್ದರು. ಆಗ ನಮ್ಮಲ್ಲಿ ಹೆಲಿಕಾಪ್ಟರ್ ಇರಲಿಲ್ಲ. ಒಳಗಿದ್ದ ಸೈನಿಕರೂ ನಿರಾಶ್ರಿತರೂ ಸೇರಿ ನೆಲ ಸಮ ಮಾಡಿ ಓಡುದಾರಿ ಕಟ್ಟಿದರು. ಏರ್ ಕಮೊಡೋರ್ ಮೆಹರ್ ಸಿಂಗ್ ಅದರ ಮೇಲೆ ಡಕೋಟಾ ವಿಮಾನ ಇಳಿಸಿ ತೋರಿಸಿದರು. ಬರುವಾಗ ಕಾಳು ಮದ್ದುಗುಂಡು, ಹೋಗುವಾಗ ಗಾಯಾಳುಗಳು ಮತ್ತು ನಿರಾಶ್ರಿತರು. ಸೈಗಾನಿನವರು ಒಂದು ಮರ ಕಡಿಯಲು ಹಿಂದೆಮುಂದೆ ನೋಡಿದ್ದನ್ನು ಓದಿದಾಗ ನನಗೆ ಪೂಂಛ್ ನೆನಪಾಗುತ್ತದೆ.

2023ರ ಸುಡಾನ್ ಕದನದಲ್ಲಿ, ಗಿಡಮೂಲಿಕೆ ಮಾರಲು ಹೋಗಿ ಸಿಕ್ಕಿಬಿದ್ದಿದ್ದ ನಮ್ಮ ರಾಜ್ಯದ ಹಕ್ಕಿಪಿಕ್ಕಿ ಸಮುದಾಯದವರ ಸುದ್ದಿ ಕನ್ನಡ ಪತ್ರಿಕೆಗಳಲ್ಲಿ ದಿನವೂ ಬರುತ್ತಿತ್ತು. ಆಗ ಸಿ-130 ವಿಮಾನವೊಂದು ಖಾರ್ತೂಮಿನ ಉತ್ತರದ ವಾದಿ ಸೈಯದ್ನಾ ಎಂಬಲ್ಲಿ, ದೀಪವಿಲ್ಲದ ಓಡುದಾರಿಯಲ್ಲಿ, ಕತ್ತಲಲ್ಲಿ ಕಾಣಿಸುವ ಕನ್ನಡಕದ ನೆರವಿನಿಂದ ಇಳಿದು 121 ಜನರನ್ನು ಎತ್ತಿಕೊಂಡು ಬಂತು.

ಪ್ರಶ್ನೆ: 2022ರ ಯುದ್ಧದಲ್ಲಿ ಉಕ್ರೇನಿನ ಖಾರ್ಕಿವ್‌ನಲ್ಲಿದ್ದ ನಮ್ಮ ವಿದ್ಯಾರ್ಥಿಗಳಿಗೆ ಹೆಲಿಕಾಪ್ಟರ್ ಕಳಿಸಬಹುದಿತ್ತಲ್ಲ?

ಹಾವೇರಿ ಜಿಲ್ಲೆಯ ವಿದ್ಯಾರ್ಥಿಯೊಬ್ಬ ಅಲ್ಲಿ ಶೆಲ್ ದಾಳಿಗೆ ಸತ್ತಾಗಿನಿಂದ ಈ ಪ್ರಶ್ನೆ ನಿಂತಿಲ್ಲ, ಅದರ ಹಿಂದಿನ ನೋವು ಅರ್ಥವಾಗುವಂಥದ್ದೇ. ಆದರೆ ಸೈಗಾನಿನಲ್ಲಿ ಮೂರು ಸಂಗತಿಗಳು ಕೂಡಿಬಂದಿದ್ದವು: ಹೆಲಿಕಾಪ್ಟರ್ ಹಾರಿ ಮರಳುವಷ್ಟು ಹತ್ತಿರದಲ್ಲಿ ಹಡಗುಗಳು, ಹೊಡೆಯುವ ಮನಸ್ಸಿಲ್ಲದ ಎದುರಾಳಿ, ಅಡ್ಡಿ ಮಾಡದ ಸ್ಥಳೀಯ ಸರ್ಕಾರ. ಖಾರ್ಕಿವ್ ಪೋಲೆಂಡಿನ ಗಡಿಯಿಂದ ಎಂಟುನೂರು ಕಿಲೋಮೀಟರಿಗೂ ದೂರ. ಮೇಲೆ ಎರಡೂ ಕಡೆಯ ಕ್ಷಿಪಣಿಗಳು. ಅಲ್ಲಿಗೆ ಹೆಲಿಕಾಪ್ಟರ್ ಕಳಿಸಿದ್ದರೆ ಸಾವಿನ ಸಂಖ್ಯೆ ಹೆಚ್ಚುತ್ತಿತ್ತು. ರೈಲು ಹಿಡಿದು ಗಡಿ ಮುಟ್ಟಿ ಅಲ್ಲಿಂದ ವಿಮಾನ ಹತ್ತಿಸಿದ್ದೇ ಆ ಸ್ಥಿತಿಗೆ ತಕ್ಕ ದಾರಿಯಾಗಿತ್ತು.

ಪ್ರಶ್ನೆ: ನಮ್ಮ ಕಡೆಯ ಮಹಾಪೂರದ ತೆರವಿಗೂ ಯುದ್ಧದ ತೆರವಿಗೂ ವ್ಯತ್ಯಾಸವೇನು?

ಪೈಲಟ್‌ಗೆ ಕಷ್ಟಗಳು ಬಹುತೇಕ ಒಂದೇ: ಇಳಿಯಲು ಜಾಗವಿಲ್ಲ, ವಿದ್ಯುತ್ ತಂತಿ ಕಾಣುವುದಿಲ್ಲ, ಕೆಳಗಿನವರು ಗಾಬರಿಯಿಂದ ಮುಗಿಬೀಳುತ್ತಾರೆ. ಗುಂಡಿಲ್ಲದಿದ್ದರೂ ಅಪಾಯ ಕಡಿಮೆಯಲ್ಲ. 2013ರ ಜೂನ್ 25ರಂದು ಉತ್ತರಾಖಂಡದ ನೆರೆಯಲ್ಲಿ ಜನರನ್ನು ಉಳಿಸುತ್ತಿದ್ದ ವಾಯುಪಡೆಯ ಮಿ-17 ಬಿದ್ದು 20 ಜನ ಸತ್ತರು. ದೊಡ್ಡ ವ್ಯತ್ಯಾಸ ಹತ್ತುವವರದು. ಘಟಪ್ರಭೆಯೋ ಕೃಷ್ಣೆಯೋ ಇಳಿದ ಮೇಲೆ ಕೆಸರು ಬಳಿದು ಮನೆ ಸೇರಬಹುದು. ಸೈಗಾನಿನ ಅಂಗಳದಿಂದ ಏರಿದವರು ಇನ್ನು ಊರಿಗೆ ಮರಳುವುದಿಲ್ಲ ಎಂದು ಗೊತ್ತಿದ್ದೇ ಏರಿದರು.

ಪ್ರಶ್ನೆ: ಹೊರಬಂದವರು ಏನಾದರು, ಉಳಿದವರು ಏನಾದರು?

ಹೆಲಿಕಾಪ್ಟರ್, ವಿಮಾನ, ಹಡಗು, ದೋಣಿ ಎಲ್ಲವನ್ನೂ ಸೇರಿಸಿ ಆ ವಸಂತದಲ್ಲಿ ಹೊರಬಿದ್ದ ಸುಮಾರು 1,30,000 ವಿಯೆಟ್ನಾಮಿಗರು ಗುವಾಮ್ ಮುಂತಾದ ದ್ವೀಪಗಳ ಶಿಬಿರಗಳ ಮೂಲಕ ಅಮೆರಿಕ ಸೇರಿದರು. ಉಳಿದವರಲ್ಲಿ ಹಳೆಯ ಸರ್ಕಾರ ಮತ್ತು ಸೇನೆಗೆ ದುಡಿದ ಬಹಳ ಜನ ಮರುಶಿಕ್ಷಣ ಶಿಬಿರಗಳಲ್ಲಿ ವರ್ಷಗಟ್ಟಲೆ ಕಳೆದರು. ಮುಂದಿನ ದಶಕದಲ್ಲಿ ಲಕ್ಷಾಂತರ ಜನ ಸಣ್ಣ ದೋಣಿಗಳಲ್ಲಿ ಕಡಲಿಗಿಳಿದರು. 1976ರಲ್ಲಿ ನಗರಕ್ಕೆ ಹೋ ಚಿ ಮಿನ್ ನಗರ ಎಂದು ಹೆಸರಾಯಿತು. ಊರಿನವರು ಮಾತಿನಲ್ಲಿ ಇಂದಿಗೂ ಸೈಗಾನ್ ಎನ್ನುತ್ತಾರೆ, ನಮ್ಮಲ್ಲಿ ವಿಜಯಪುರವನ್ನು ಹಿರಿಯರು ಬಿಜಾಪುರ ಎನ್ನುವಂತೆ.

ಪ್ರಶ್ನೆ: ಆ ಕಟ್ಟಡಗಳು ಈಗಲೂ ಇವೆಯೇ?

ರಾಯಭಾರ ಕಚೇರಿಯ ಕಟ್ಟಡವನ್ನು 1998ರಲ್ಲಿ ಕೆಡವಿದರು. ಅದೇ ಆವರಣದಲ್ಲಿ ಈಗ ಅಮೆರಿಕದ ದೂತಾವಾಸವಿದೆ. ಮಾಳಿಗೆಗೆ ಹತ್ತುತ್ತಿದ್ದ ಕಬ್ಬಿಣದ ಮೆಟ್ಟಿಲನ್ನು ಬಿಚ್ಚಿ ಒಯ್ದು ಮಿಷಿಗನ್ ರಾಜ್ಯದ ಗ್ರ್ಯಾಂಡ್ ರ‍್ಯಾಪಿಡ್ಸ್ ಊರಿನ ಫೋರ್ಡ್ ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ. ಚಿತ್ರದಲ್ಲಿ ಕಾಣುವ ಜಿಯಾ ಲಾಂಗ್ ಬೀದಿಯ ಹೆಸರು ಬದಲಾಗಿ ಲಿ ತು ಚಾಂಗ್ ಬೀದಿಯಾಗಿದೆ. 22ನೆಯ ಸಂಖ್ಯೆಯ ಕಟ್ಟಡ ಮತ್ತು ಅದರ ಮೇಲಿನ ಲಿಫ್ಟಿನ ಕೋಣೆ, ಸುತ್ತ ಎದ್ದ ಎತ್ತರದ ಕಟ್ಟಡಗಳ ನಡುವೆ ಚಿಕ್ಕದಾಗಿ ಕಂಡರೂ, ಇದ್ದಲ್ಲೇ ಇವೆ.